ಕೆಂಗಲ್ಲರ ದೆಹಲಿ ಪರ್ವ

ಕೆಂಗಲ್ ಹನುಮಂತಯ್ಯನವರ ಹೆಸರೆತ್ತಿದೊಡನೆ ಕನ್ನಡಿಗರಿಗೆ ನೆನಪಾಗುವುದು ವಿಧಾನಸೌಧ. ಆ ಶಿಲಾಭವನದ ಕೀರ್ತಿ ಎಷ್ಟು ಪ್ರಬಲವೆಂದರೆ, ಅದನ್ನು ಕಟ್ಟಿಸಿದ ಮಹನೀಯರು ಮುಂದೆ ಹದಿನೈದು ವರ್ಷ ಲೋಕಸಭೆಯಲ್ಲಿದ್ದರೆಂಬ ಸಂಗತಿಯೇ ಮರೆತುಹೋದಂತಿದೆ.

ರಾಮನಗರದ ಸೀಮೆಯಿಂದ ಬಂದ ಈ ವಕೀಲರಿಗೆ ದೆಹಲಿ ಅಪರಿಚಿತವೇನಾಗಿರಲಿಲ್ಲ. ಮೈಸೂರಿನ ಪ್ರತಿನಿಧಿಯಾಗಿ ಸಂವಿಧಾನ ಸಭೆಯಲ್ಲಿದ್ದಾಗಲೇ, ವೀಣೆಯ ಅಥವಾ ಸಿತಾರಿನ ನಾದವನ್ನು ಬಯಸಿದ ನಮಗೆ ದೊರೆತುದು ಇಂಗ್ಲಿಷ್ ಬ್ಯಾಂಡಿನ ವಾದ್ಯಘೋಷವೆಂದು ಅಂತಿಮ ಕರಡಿನ ಕುರಿತು ನಿರ್ಭಿಡೆಯಿಂದ ಆಕ್ಷೇಪಿಸಿದವರು ಅವರು. 1952ರಲ್ಲಿ ಮುಖ್ಯಮಂತ್ರಿಯಾಗಿ, ಸ್ವಸಮುದಾಯದ ಅನೇಕರ ಅಸಮ್ಮತಿಯನ್ನೂ ಲೆಕ್ಕಿಸದೆ ಕರ್ನಾಟಕದ ಏಕೀಕರಣವನ್ನು ಸಮರ್ಥಿಸಿದರು. ಆದರೆ ಸ್ವಪಕ್ಷೀಯರೇ ತಿರುಗಿಬಿದ್ದುದರಿಂದ 1956ರ ಆಗಸ್ಟಿನಲ್ಲಿ ಅಧಿಕಾರ ತ್ಯಜಿಸಬೇಕಾಗಿ, ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಯ ಪೀಠದಲ್ಲಿದ್ದವರು ನಿಜಲಿಂಗಪ್ಪನವರು.

1962ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದುದನ್ನು ಬಡ್ತಿಯೆನ್ನಬೇಕೋ ವನವಾಸವೆನ್ನಬೇಕೋ, ಆ ಕಾಲದವರಿಗೇ ಬಿಟ್ಟ ಮಾತು. 1966ರಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗ ಏರ್ಪಟ್ಟಾಗ ಸದಸ್ಯರಾದ ಹನುಮಂತಯ್ಯನವರು, ಮರುವರ್ಷ ಮೊರಾರ್ಜಿಯವರು ಉಪಪ್ರಧಾನಿಯಾಗಲು, ತಾವೇ ಅಧ್ಯಕ್ಷರಾದರು. ಇಪ್ಪತ್ತು ವರದಿಗಳು, 537 ಶಿಫಾರಸುಗಳು: ಕಡತವೊಂದು ಎಷ್ಟು ಮೇಜುಗಳನ್ನು ದಾಟಬೇಕು, ಖರ್ಚಾದ ಹಣದಿಂದ ನಡೆದ ಕೆಲಸವೆಷ್ಟೆಂಬುದನ್ನು ಆಯವ್ಯಯ ಪತ್ರವೇ ತೋರಿಸುವಂತೆ ಮಾಡುವುದು ಹೇಗೆ, ತಜ್ಞರಿಗೆ ಸಲ್ಲಬೇಕಾದ ಹುದ್ದೆಗಳಲ್ಲಿ ಸರ್ವಕಾರ್ಯ ಅಧಿಕಾರಿಗಳೇ ಏಕೆ ಕೂರಬೇಕು ಎಂಬಂಥ, ಚುನಾವಣಾ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸದ ಪ್ರಶ್ನೆಗಳೇ ಅವುಗಳ ತಿರುಳು. ಸರ್ಕಾರದ ಕೆಲಸ ದೇವರ ಕೆಲಸವೆಂದು ಕಲ್ಲಿನಲ್ಲಿ ಕೆತ್ತಿಸಿದವರು ಆ ಕೆಲಸ ಕೆಡುವ ಬಗೆಯನ್ನು ಇಲ್ಲಿ ಹಾಳೆಹಾಳೆಯಾಗಿ ಶೋಧಿಸಿದರು. ಅವರ ಸಾರ್ವಜನಿಕ ಜೀವನದ ಅತ್ಯಂತ ಗಂಭೀರ ಕಾರ್ಯ ಇದೇ ಎಂಬುದು ನನ್ನ ಮತ. ಆಯೋಗದ ಸಲಹೆಯಂತೆ 1970ರಲ್ಲಿ ಕೇಂದ್ರದಲ್ಲಿ ಸಿಬ್ಬಂದಿ ಇಲಾಖೆ ರಚಿತವಾಯಿತು.

ರೈಲ್ವೆ ಖಾತೆ ಅವರ ಕೈಯಲ್ಲಿದ್ದುದು 1971ರಿಂದ ಮರುವರ್ಷದ ಜುಲೈವರೆಗೆ ಮಾತ್ರ. ಅನಂತರ ಅದು ಇನ್ನೊಬ್ಬ ಕನ್ನಡಿಗರಾದ ಟಿ. ಎ. ಪೈಯವರಿಗೆ ಸಂದಿತು. 1977ರ ಚುನಾವಣೆಯಲ್ಲಿ ಹನುಮಂತಯ್ಯನವರನ್ನು ಸೋಲಿಸಿದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು ಅದೇ ವರ್ಷ ಲೋಕಸಭೆಯ ಅಧ್ಯಕ್ಷರಾದರು. ಹನುಮಂತಯ್ಯನವರು 1980ರಲ್ಲಿ ನಿಧನರಾದರು. ಅವರು ಸದಸ್ಯರಾಗಿದ್ದ ಆಯೋಗವು 1966ರಲ್ಲೇ ಸೂಚಿಸಿದ್ದ ಲೋಕಾಯುಕ್ತಕ್ಕೆ ಕರ್ನಾಟಕದಲ್ಲಿ ಕಾಯಿದೆಯಾದುದು 1984ರಲ್ಲಿ. ಅದರೊಡನೆಯೇ ಆಯೋಗ ಸೂಚಿಸಿದ್ದ ಕೇಂದ್ರದ ಲೋಕಪಾಲದ ಮಸೂದೆಗೆ ಸಂಸತ್ತಿನ ಒಪ್ಪಿಗೆ ದೊರೆತುದು 2013ರಲ್ಲಿ.