ಹೊಲ ಹಿಡಿದವನಿಗೆ ಹೆಣ್ಣು ಕೊಡೋರು ಯಾರು?

‘ಹುಡುಗ ಏನ್ ಮಾಡ್ತಾನ್ರಿ?’

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೆಣ್ಣು ಕೇಳುವ ಮಾತು ಶುರುವಾಗುವುದೇ ಈ ಪ್ರಶ್ನೆಯಿಂದ. ‘ಪಿಡಿಒ ಇದ್ದಾನ್ರಿ’ ಅಂದರೆ ಮಾತು ಒಳಮನೆಯವರೆಗೂ ಹೋಗುತ್ತದೆ. ‘ಬೆಂಗಳೂರಾಗ ಕಂಪನಿ ಕೆಲಸ’ ಅಂದರೆ ಪಗಾರ ಎಷ್ಟು ಅಂತ ವಿಚಾರಿಸುತ್ತಾರೆ. ‘ಹತ್ತು ಎಕರೆ ಹೊಲ ಅದ, ಒಕ್ಕಲುತನ ಮಾಡ್ತಾನ’ ಅಂದರೆ ಮಾತ್ರ ‘ಹುಡುಗಿ ಇನ್ನೂ ಓದ್ಲಿಕ್ಕತ್ತಾಳ, ಮುಂದ ನೋಡೋಣ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ‘ಮುಂದ’ ಎಂದೂ ಬರುವುದಿಲ್ಲ ಎಂದು ಎರಡೂ ಕಡೆಯವರಿಗೆ ಗೊತ್ತು.

ತಮಾಷೆಯೆಂದರೆ, ಎಳ್ಳಮಾವಾಸ್ಯೆ ದಿನ ನಮ್ಮ ಭಾಗದಲ್ಲಿ ಹೊಲವನ್ನು ಪ್ರೀತಿಸದವರೇ ಇಲ್ಲ. ಕಲಬುರಗಿಯಿಂದ, ಪುಣೆಯಿಂದ, ಬೆಂಗಳೂರಿನಿಂದ ನೆಂಟರು ಬರುತ್ತಾರೆ. ಚರಗ ಚೆಲ್ಲುತ್ತಾರೆ, ಬೇವಿನ ನೆರಳಲ್ಲಿ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುತ್ತಾರೆ, ತೊಗರಿ ಗಿಡಗಳ ನಡುವೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ‘ಇಂಥಾ ಜೀವನ ನಮಗ ಎಲ್ಲಿ ಸಿಗಬೇಕು’ ಅಂತಾರೆ. ಆ ಹೊಲದ ಹುಡುಗನಿಗೆ ತಮ್ಮ ಮಗಳನ್ನು ಕೊಡುತ್ತೀರಾ ಎಂದು ಕೇಳಿದರೆ ಬುತ್ತಿ ಕಟ್ಟಿಕೊಂಡು ಎದ್ದುಬಿಡುತ್ತಾರೆ.

ಎರಡು ನೂರು ವರ್ಷಗಳ ಹಿಂದಿನ ಇಂಗ್ಲೆಂಡಿನಲ್ಲಿ ಈ ಲೆಕ್ಕ ಉಲ್ಟಾ ಇತ್ತು. ನೆಟ್‌ಫ್ಲಿಕ್ಸ್‌ನ ‘ಬ್ರಿಡ್ಜರ್ಟನ್’ ನೋಡಿದವರಿಗೆ ಆ ಕಾಲ ಪರಿಚಿತ. 1811ರಿಂದ 1820ರವರೆಗಿನ ಆ ಅವಧಿಗೆ ರೀಜೆನ್ಸಿ ಕಾಲ ಎಂದು ಹೆಸರು. ಲಂಡನ್ನಿನಲ್ಲಿ ‘ಸೀಸನ್’ ಶುರುವಾದರೆ ಊರೂರಿನ ಶ್ರೀಮಂತರು ಮದುವೆ ವಯಸ್ಸಿನ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ನೃತ್ಯ, ಔತಣ, ಉದ್ಯಾನದ ಸುತ್ತಾಟ ಎಲ್ಲವೂ ನಮ್ಮ ವಧು-ವರರ ಸಮಾವೇಶದ ದೊಡ್ಡ ರೂಪವೇ. ಅಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆ ‘ಎಷ್ಟು ಭೂಮಿ? ವರ್ಷಕ್ಕೆ ಎಷ್ಟು ಆದಾಯ?’ 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್ ಅವರ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಕಾದಂಬರಿಯಲ್ಲಿ ಡಾರ್ಸಿ ನೃತ್ಯದ ಮನೆಗೆ ಕಾಲಿಟ್ಟ ಕೆಲವೇ ನಿಮಿಷಗಳಲ್ಲಿ ಅವನ ಆದಾಯ ವರ್ಷಕ್ಕೆ ಹತ್ತು ಸಾವಿರ ಪೌಂಡ್ ಎಂಬ ಸುದ್ದಿ ಎಲ್ಲರ ಬಾಯಲ್ಲೂ ಇರುತ್ತದೆ.

ಅಲ್ಲಿ ಎಸ್ಟೇಟು ಸಾಮಾನ್ಯವಾಗಿ ಹಿರಿಯ ಮಗನಿಗೆ ಹೋಗುತ್ತಿತ್ತು. ಕಿರಿಯರು ಸೈನ್ಯ, ಚರ್ಚ್, ವಕೀಲಿ ಹೀಗೆ ನೌಕರಿ ಹುಡುಕಬೇಕು. ಮದುವೆಯ ಪೇಟೆಯಲ್ಲಿ ಅವರ ಬೆಲೆ ಕಡಿಮೆ. ಅದೇ ಕಾದಂಬರಿಯ ಕರ್ನಲ್ ಫಿಟ್ಜ್‌ವಿಲಿಯಂ ಜಹಗೀರದಾರನ ಮಗ. ಆದರೆ ಕಿರಿಯವನಾದ್ದರಿಂದ ಮನಸ್ಸಿಗೆ ಬಂದವಳನ್ನು ಮದುವೆಯಾಗುವ ಸ್ವಾತಂತ್ರ್ಯ ತನಗಿಲ್ಲ, ಹಣವನ್ನೂ ನೋಡಬೇಕು ಎಂದು ನಗುತ್ತಲೇ ಹೇಳಿಕೊಳ್ಳುತ್ತಾನೆ. ಅಲ್ಲಿ ನೌಕರಿಯವನು ಸೋಲುತ್ತಿದ್ದ, ಇಲ್ಲಿ ಹೊಲದವನು ಸೋಲುತ್ತಿದ್ದಾನೆ. ತಕ್ಕಡಿ ಮಾತ್ರ ಹಳೆಯದೇ.

‘ಬ್ರಿಡ್ಜರ್ಟನ್’ಗೆ ಮೂಲವಾದ ಜೂಲಿಯಾ ಕ್ವಿನ್ ಅವರ ಕಾದಂಬರಿಗಳಲ್ಲಿ ಸರ್ ಫಿಲಿಪ್ ಕ್ರೇನ್ ಎಂಬ ಪಾತ್ರವಿದೆ. ಹೆಂಡತಿ ತೀರಿಹೋಗಿದ್ದಾಳೆ. ಇವನಿಗೆ ಗಿಡ, ಬೇರು, ಬೀಜಗಳದ್ದೇ ಲೋಕ. ಪೇಟೆಯ ಗದ್ದಲ ಬೇಡ, ಮನೆ ನಡೆಸಿಕೊಂಡು ಹೋಗುವ ಹೆಂಡತಿ ಬೇಕು. ಪ್ರೇಮ-ಗೀಮ ಇಲ್ಲದ, ಹೊಂದಿಕೊಂಡು ಬಾಳುವ ಮದುವೆ ಸಾಕೆಂದು ಎಲೊಯಿಸ್ ಎಂಬ ಹುಡುಗಿಗೆ ಪತ್ರ ಬರೆಯುತ್ತಾನೆ. ಅವಳು ಹೊರಟು ಬಂದ ಮೇಲೆ ಗೊತ್ತಾಗುತ್ತದೆ, ಅವನಿಗೆ ಅವಳಿ ಮಕ್ಕಳಿದ್ದಾರೆ! ಅಷ್ಟು ಪತ್ರ ಬರೆದವನು ಮಕ್ಕಳ ವಿಷಯವನ್ನೇ ಬರೆದಿರಲಿಲ್ಲ. ಲೆಕ್ಕ ಹಾಕಿ ಮದುವೆಯಾಗಲು ಹೊರಟವನು ಲೆಕ್ಕದ ಮುಖ್ಯ ಸಾಲನ್ನೇ ಬಿಟ್ಟಿದ್ದ.

ನಮ್ಮ ಕಡೆ ಆಗುತ್ತಿರುವುದೂ ಇದೇ. ಲೆಕ್ಕ ಹಾಕುವುದು ತಪ್ಪಲ್ಲ, ಯಾವುದನ್ನು ಬಿಟ್ಟು ಲೆಕ್ಕ ಹಾಕುತ್ತೇವೆ ಎಂಬುದು ಪ್ರಶ್ನೆ.

ಹೆಣ್ಣಿನ ಕಡೆಯವರನ್ನು ದೂರುವ ಮೊದಲು ಅವರ ಲೆಕ್ಕ ನೋಡೋಣ. ನಮ್ಮದು ಹೆಚ್ಚಾಗಿ ಮಳೆ ನಂಬಿದ ಎರೆ ಭೂಮಿ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್-ಜನವರಿಗೆ. ಅಷ್ಟರೊಳಗೆ ನೆಟೆ ರೋಗ ಬರಬಹುದು, ಕಾಯಿಕೊರಕ ಬರಬಹುದು, ಮಳೆ ಕೈಕೊಡಬಹುದು ಅಥವಾ ಭೀಮಾ ತುಂಬಿ ಹೊಲಕ್ಕೇ ನುಗ್ಗಬಹುದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿತು. ಹೆಸರು ಬಂತು, ಆದರೆ ಅದರಿಂದ ತಿಂಗಳ ಪಗಾರದಂಥ ಭರವಸೆ ಬರಲಿಲ್ಲ. ಇನ್ನು ಸೊಸೆಯ ದಿನಚರಿ ನೋಡಿ. ನಸುಕಿನಲ್ಲಿ ನೀರು, ರೊಟ್ಟಿ, ಬುತ್ತಿ, ಆಮೇಲೆ ಕಳೆ ತೆಗೆಯಲು ಹೊಲ, ಸಂಜೆ ಮತ್ತೆ ಒಲೆ. ಡಿಗ್ರಿ ಮುಗಿಸಿದ ಹುಡುಗಿ ತನ್ನ ಅವ್ವ ಹೀಗೇ ಸವೆದದ್ದನ್ನು ಕಣ್ಣಾರೆ ಕಂಡಿದ್ದಾಳೆ. ಅವಳು ‘ಒಲ್ಲೆ’ ಅಂದರೆ ಅದು ಸೊಕ್ಕಲ್ಲ, ಅನುಭವ.

ನೀರಾವರಿ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಮಂಡ್ಯದ ಕಡೆ ನೋಡಬೇಕು. 2023ರ ಫೆಬ್ರುವರಿಯಲ್ಲಿ ಆ ಭಾಗದ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಕಾಲುವೆ ನೀರಿನ ನಾಡಿನಲ್ಲೇ ಈ ಗತಿ. ಅಂದರೆ ಕೊರತೆ ನೀರಿನದ್ದಷ್ಟೇ ಅಲ್ಲ, ಒಕ್ಕಲುತನದ ಮನೆಯಲ್ಲಿ ಹೆಣ್ಣಿಗೆ ಸಿಗುವ ಸ್ಥಾನದ್ದು ಕೂಡ.

ಈ ಪೇಟೆಯ ಬಿಸಿ ತಟ್ಟುವುದು ನೌಕರಿ ಹುಡುಕುವ ನಮ್ಮಂಥವರಿಗೆ. 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 80, ‘ಡಿ’ ಹುದ್ದೆಗಳಲ್ಲಿ ಶೇ 85 ನಮಗೆ ಮೀಸಲು. ಬಾಗಿಲು ತೆರೆದದ್ದು ನಿಜ, ಸಾಲು ಮಾತ್ರ ಉದ್ದ. ಆ ಸಾಲಿನಲ್ಲಿ ನಿಂತ ಎಲ್ಲರಿಗೂ ನೌಕರಿಯೇ ಬೇಕಾಗಿಲ್ಲ. ಮಳೆಯ ವಾಸನೆ ಹಿಡಿದು ಬಿತ್ತನೆ ದಿನ ಹೇಳಬಲ್ಲ, ಎತ್ತಿನ ನಡಿಗೆ ನೋಡಿ ಅದರ ಕಾಲುನೋವು ಹೇಳಬಲ್ಲ ಹುಡುಗರು ಕಲಬುರಗಿಯ ಬಾಡಿಗೆ ರೂಮಿನಲ್ಲಿ ಎಫ್‌ಡಿಎ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಾರೆ. ಯಾಕೆಂದು ಕೇಳಿದರೆ ‘ನೌಕ್ರಿ ಇಲ್ದ ಕನ್ಯಾ ಸಿಗಂಗಿಲ್ಲ’ ಅಂತಾರೆ. ನೌಕರಿ ಸಿಗದೆ, ಹೊಲವೂ ಬೀಳುಬಿದ್ದು, ವಯಸ್ಸು ಮೂವತ್ತು ದಾಟುತ್ತದೆ.

ನೌಕರಿ ಸಿಕ್ಕವರ ಕಥೆ ಇನ್ನೊಂದು. ಹುದ್ದೆಗೆ ತಕ್ಕಂತೆ ತೊಲೆ ಬಂಗಾರ, ಕಾರು, ಪ್ಲಾಟು ಎಂದು ರೇಟು ನಿಗದಿಯಾಗುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಪ್ರಕಾರ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಆ ಹಣ ಹೊಂದಿಸಲು ಹೆಣ್ಣಿನ ತಂದೆ ಮಾರುವುದು ಏನನ್ನು? ಹೊಲವನ್ನೇ! ಹೊಲ ಇರುವ ಅಳಿಯ ಬೇಡವೆಂದು ಇದ್ದ ಹೊಲ ಮಾರುವ ಈ ಲೆಕ್ಕವನ್ನು ಯಾವ ವ್ಯವಹಾರಸ್ಥನೂ ಒಪ್ಪಲಾರ.

ಬೇರೆ ದಾರಿ ಇಲ್ಲವೇ? ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದವರು. ಉಪನ್ಯಾಸಕ ಹುದ್ದೆಯ ದಾರಿ ಹಿಡಿಯದೆ ಮೂಡಿಗೆರೆ ಕಡೆ ಕಾಡಿನ ಮಗ್ಗುಲಲ್ಲಿ ಕಾಫಿ ತೋಟ ಮಾಡಲು ಹೋದರು. ಹಕ್ಕಿ, ಮೀನು, ಕೀಟಗಳ ಲೋಕದಲ್ಲಿ ಮುಳುಗಿದ ಆ ಕೃಷಿಕನನ್ನು ತತ್ವಶಾಸ್ತ್ರ ಓದಿದ ರಾಜೇಶ್ವರಿ ಮೆಚ್ಚಿ ಒಪ್ಪಿದರು. 1966ರಲ್ಲಿ ಮದುವೆ ನಡೆಯಿತು. ಪುರೋಹಿತರಿಲ್ಲ, ಜಾತಕವಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಗಂಡು-ಹೆಣ್ಣು ಸಮಾನರೆಂದು ಸಾರುವ ಕುವೆಂಪು ಅವರ ‘ಮಂತ್ರ ಮಾಂಗಲ್ಯ’ ಅದು. ತೋಟದ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. ಆದರೆ ಎಲ್ಲಿಗೆ, ಯಾರ ಜೊತೆ, ಯಾತಕ್ಕೆ ಹೋಗುತ್ತಿದ್ದೇನೆಂಬುದು ರಾಜೇಶ್ವರಿ ಅವರಿಗೆ ಗೊತ್ತಿತ್ತು. ಆ ಬದುಕನ್ನು ಮುಂದೆ ಅವರೇ ‘ನನ್ನ ತೇಜಸ್ವಿ’ ಪುಸ್ತಕದಲ್ಲಿ ಬರೆದರು.

ಎಲ್ಲರೂ ತೇಜಸ್ವಿ ಆಗಲು ಆಗುವುದಿಲ್ಲ, ಒಪ್ಪೋಣ. ಆದರೆ ಲೆಕ್ಕವನ್ನು ಬಿಚ್ಚಿಡುವುದು ಎಲ್ಲರಿಂದಲೂ ಆಗುತ್ತದೆ. ಒಕ್ಕಲುತನ ಮಾಡುವ ಹುಡುಗ ಬಯೋಡಾಟಾದಲ್ಲಿ ‘ಸ್ವಂತ ಉದ್ಯೋಗ’ ಎಂದು ಬರೆದು ಮರೆಮಾಚಬೇಕಿಲ್ಲ. ಪಹಣಿ ತೋರಿಸಲಿ, ಬ್ಯಾಂಕು ಮತ್ತು ಸೊಸೈಟಿಯ ಸಾಲ ಹೇಳಲಿ. ಕಳೆದ ಮೂರು ವರ್ಷ ಏನು ಬೆಳೆದೆ, ಎಷ್ಟಕ್ಕೆ ಮಾರಿದೆ, ತೊಗರಿಯ ಜೊತೆ ಎಮ್ಮೆಯೋ ಕುರಿಯೋ ದಾಲ್ ಮಿಲ್ಲೋ ಏನು ಯೋಚನೆ ಇದೆ ಎಂಬುದನ್ನು ಹುಡುಗಿಯ ಎದುರಿಗೇ ಹೇಳಲಿ. ಮನೆಯಲ್ಲಿ ಶೌಚಾಲಯ, ಅಡುಗೆ ಮನೆಗೆ ನಲ್ಲಿ ಇವೆಯೇ? ಇಲ್ಲದಿದ್ದರೆ ಮದುವೆ ಪೆಂಡಾಲಿಗಿಂತ ಮೊದಲು ಅವು ಆಗಲಿ. ಅವಳು ಬಿ.ಇಡಿ ಮಾಡುತ್ತಾಳೆ, ಪರೀಕ್ಷೆ ಬರೆಯುತ್ತಾಳೆ ಅಂದರೆ ಅದಕ್ಕೂ ಜಾಗ ಇರಲಿ. ಒಬ್ಬರ ಪಗಾರ, ಒಬ್ಬರ ರಾಶಿ ಕೂಡಿದ ಮನೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಹೊಲದ ಒಂದು ಭಾಗ ಅವಳ ಹೆಸರಿಗೆ ಆದರೆ ‘ನಮ್ಮ ಹೊಲ’ ಎಂಬ ಮಾತಿಗೆ ಅರ್ಥ ಬರುತ್ತದೆ.

ಹುಡುಗಿಯರೂ ಕೇಳಬೇಕು. ‘ಪಗಾರ ಎಷ್ಟು’ ಎನ್ನುವುದರ ಜೊತೆಗೆ ‘ಕುಡಿಯುತ್ತೀಯಾ, ಸಾಲ ಎಷ್ಟು, ನನ್ನ ದುಡಿಮೆಯ ಹಣ ಯಾರ ಕೈಯಲ್ಲಿ’ ಎಂದೂ ಕೇಳಬೇಕು. ರೀಜೆನ್ಸಿ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಸಾಮಾನ್ಯವಾಗಿ ಗಂಡನ ವಶಕ್ಕೆ ಹೋಗುತ್ತಿತ್ತು. ಕಾನೂನು ಪೂರ್ತಿ ಬದಲಾದದ್ದು 1882ರಲ್ಲಿ. ನಮ್ಮಲ್ಲಿ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿದೆ. ಕಾನೂನು ಕೊಟ್ಟದ್ದನ್ನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ ಕಸಿದುಕೊಂಡು, ಬದಲಿಗೆ ಬಂಗಾರ ಹೇರಿ ಕಳಿಸುವುದು ಪ್ರೀತಿಯೂ ಅಲ್ಲ, ವ್ಯವಹಾರವೂ ಅಲ್ಲ.

ಮದುವೆಯಲ್ಲಿ ಲೆಕ್ಕ ಇರಲಿ. ಆದರೆ ಆ ಲೆಕ್ಕದಲ್ಲಿ ಹುದ್ದೆಯ ಹೆಸರಿನ ಜೊತೆ ಮನುಷ್ಯನ ದುಡಿಮೆ, ನಡತೆ, ಮಾತಿನ ನಂಬಿಕೆಯೂ ಜಮಾ ಆಗಲಿ. ಇನ್ನು ಮುಂದೆ ಯಾರಾದರೂ ‘ಹುಡುಗ ಏನ್ ಮಾಡ್ತಾನ’ ಎಂದು ಕೇಳಿದರೆ, ‘ನಿಮ್ಮ ಮನೆಗೆ ಬರುವ ಬೇಳೆ ಬೆಳೀತಾನ್ರಿ’ ಎಂದು ತಲೆ ಎತ್ತಿ ಹೇಳುವಷ್ಟು ಧೈರ್ಯ ನಮ್ಮ ಹುಡುಗರಿಗಿರಲಿ. ಹಾಗೆ ಹೇಳುವವನ ಮನೆಯಲ್ಲಿ ಹುಡುಗಿ ತಲೆ ಎತ್ತಿ ಬಾಳುವಂತೆಯೂ ಇರಲಿ.