ಬೆಳ್ಳಿ ಲೇಪಿತ ಹಳೆಯ ಚಮಚಗಳು: ತಯಾರಕರ ಮುದ್ರೆ ಹಾಗೂ ವಿನ್ಯಾಸವನ್ನು ಗುರುತಿಸುವ ಬಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ನಾಗರಿಕರು ತಮ್ಮ ಮನೆತನದ ಹಳೆಯ ಚಮಚ, ಮುಳ್ಳುಚಮಚ ಮತ್ತು ಚಾಕುಗಳನ್ನು ಮಾರುವ, ಕರಗಿಸುವ ಅಥವಾ ವಿದೇಶಕ್ಕೆ ಒಯ್ಯುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ. ಈ ಪ್ರದೇಶವು 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಬ್ರಿಟಿಷರ ಕಾಲದ ಊಟದ ಸಾಮಾನು ಹಳೆಯ ವಾಡೆಯೊಂದರಲ್ಲಿ ದೊರೆತರೆ ಅದನ್ನು ಅಪ್ಪಟ ಬೆಳ್ಳಿಯೆಂದು ಭಾವಿಸುವುದು ಸಹಜ. ಆದರೆ ಹೊಳಪನ್ನು ನೋಡಿ ನಿರ್ಧರಿಸುವಂತಿಲ್ಲ.

ವಿದ್ಯುತ್ತಿನ ಮೂಲಕ ಬೆಳ್ಳಿ ಲೇಪಿಸುವ ವಿಧಾನಕ್ಕೆ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಸಂಸ್ಥೆಯು 1840ರಲ್ಲಿ ಪೇಟೆಂಟ್ ಪಡೆಯಿತು. ಲೇಪನದ ಕೆಳಗಿರುವುದು ಸಾಮಾನ್ಯವಾಗಿ ತಾಮ್ರ, ಸತು ಹಾಗೂ ನಿಕ್ಕಲ್‌ಗಳ ಮಿಶ್ರಲೋಹ. ನಮ್ಮಲ್ಲಿ ಇದಕ್ಕೆ ಜರ್ಮನ್ ಸಿಲ್ವರ್ ಎನ್ನುತ್ತಾರೆ. ಹೆಸರಿನಲ್ಲಿ ಸಿಲ್ವರ್ ಇದ್ದರೂ ಇದರಲ್ಲಿ ಬೆಳ್ಳಿ ಇರುವುದಿಲ್ಲ. ಆದ್ದರಿಂದ ಇಂತಹ ಚಮಚವನ್ನು ಕರಗಿಸಿದಲ್ಲಿ ದೊರೆಯುವ ಬೆಳ್ಳಿ ಅತ್ಯಲ್ಪ. ಅದಕ್ಕಿರುವ ಬೆಲೆಯು ಬಹುಮಟ್ಟಿಗೆ ಅದರ ಮುದ್ರೆ, ವಿನ್ಯಾಸ ಮತ್ತು ಸ್ಥಿತಿಯನ್ನು ಅವಲಂಬಿಸಿದೆ.

ಮುದ್ರೆಯು ಸಾಮಾನ್ಯವಾಗಿ ಹಿಡಿಕೆಯ ಹಿಂಬದಿಯಲ್ಲಿರುತ್ತದೆ. ಭೂತಕನ್ನಡಿಯಿಂದ ನೋಡಿದಾಗ ಇಂಗ್ಲಿಷ್ ಲಿಪಿಯಲ್ಲಿ ‘ಇ.ಪಿ.ಎನ್.ಎಸ್.’ ಅಥವಾ ‘ಇ.ಪಿ.’ ಎಂದು ಕಂಡರೆ ಅದು ಲೇಪಿತ ವಸ್ತು. ಈ ಅಕ್ಷರಗಳನ್ನು ಒಂದೊಂದು ಪುಟ್ಟ ಚೌಕದಲ್ಲಿ ಒತ್ತಿರುವುದರಿಂದ ದೂರಕ್ಕೆ ಅಪ್ಪಟ ಬೆಳ್ಳಿಯ ಮುದ್ರೆಯಂತೆಯೇ ತೋರುತ್ತವೆ. ಮೋಸ ಹೋಗುವುದು ಇಲ್ಲಿಯೇ. ಇಂಗ್ಲೆಂಡಿನ ಅಪ್ಪಟ ಬೆಳ್ಳಿಯಲ್ಲಿ, ಅಂದರೆ ಸಾವಿರಕ್ಕೆ 925 ಭಾಗ ಬೆಳ್ಳಿಯಿರುವ ವಸ್ತುವಿನಲ್ಲಿ, ನಡೆಯುತ್ತಿರುವ ಸಿಂಹದ ಗುರುತು ಇರುತ್ತದೆ. ತಯಾರಕರ ಪೈಕಿ ವಾಕರ್ ಅಂಡ್ ಹಾಲ್ ಸಂಸ್ಥೆಯನ್ನು ಅಕ್ಷರಗಳಿರುವ ಪುಟ್ಟ ಬಾವುಟದಿಂದಲೂ, ಜೇಮ್ಸ್ ಡಿಕ್ಸನ್ ಸಂಸ್ಥೆಯನ್ನು ಕಹಳೆಯ ಚಿತ್ರದಿಂದಲೂ, ಮ್ಯಾಪಿನ್ ಅಂಡ್ ವೆಬ್ ಸಂಸ್ಥೆಯನ್ನು ಅದರ ಹೆಸರು ಹಾಗೂ ‘ಪ್ರಿನ್ಸಸ್ ಪ್ಲೇಟ್’ ಎಂಬ ಬರಹದಿಂದಲೂ ಗುರುತಿಸಬಹುದು.

ವಿನ್ಯಾಸವೊಂದರಿಂದಲೇ ತಯಾರಕರು ತಿಳಿಯುವುದಿಲ್ಲ. ಪಿಟೀಲಿನ ಆಕಾರದ ಹಿಡಿಕೆಯ ‘ಫಿಡ್ಲ್’, ಅಲಂಕಾರವಿಲ್ಲದ ದುಂಡು ತುದಿಯ ‘ಓಲ್ಡ್ ಇಂಗ್ಲಿಷ್’, ಚಿಪ್ಪು ಮತ್ತು ಸುರುಳಿಗಳಿರುವ ‘ಕಿಂಗ್ಸ್’ ಮುಂತಾದವುಗಳನ್ನು ಅನೇಕ ಕಾರ್ಖಾನೆಗಳು ತಯಾರಿಸಿವೆ. ಬ್ರಿಟನ್ನಿನಲ್ಲಿ ನೋಂದಾಯಿತವಾದ ವಿನ್ಯಾಸಗಳಿಗೆ 1842ರಿಂದ 1883ರವರೆಗೆ ವಜ್ರಾಕೃತಿಯ ಗುರುತು, 1884ರಿಂದ ಕ್ರಮಸಂಖ್ಯೆ ಇರುತ್ತದೆ. ಈ ಸಂಖ್ಯೆಯು ವಿನ್ಯಾಸ ನೋಂದಣಿಯಾದ ಕಾಲವನ್ನು ತಿಳಿಸುತ್ತದೆಯೇ ಹೊರತು ನಿಮ್ಮ ಕೈಯಲ್ಲಿರುವ ಚಮಚ ತಯಾರಾದ ವರ್ಷವನ್ನಲ್ಲ.

ಮುದ್ರೆಯನ್ನು ಓದಿ ಛಾಯಾಚಿತ್ರ ತೆಗೆಯುವವರೆಗೆ ವಸ್ತುವನ್ನು ಉಜ್ಜುವುದಾಗಲಿ, ಪತ್ತಾರರಲ್ಲಿ ಮರುಲೇಪನ ಮಾಡಿಸುವುದಾಗಲಿ ಬೇಡ. ಉಜ್ಜಿದರೆ ಮುದ್ರೆ ಸವೆಯುತ್ತದೆ, ಮರುಲೇಪನದಿಂದ ಮಸುಕಾಗುತ್ತದೆ. ಒರೆಗಲ್ಲಿಗೆ ತಾಗುವುದು ಮೇಲ್ಪದರ ಮಾತ್ರವಾದ್ದರಿಂದ ಆ ಪರೀಕ್ಷೆಯನ್ನೂ ನೆಚ್ಚುವಂತಿಲ್ಲ.

ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಅಡಿಯಲ್ಲಿ ಕಡ್ಡಾಯ ನೋಂದಣಿಗೆ ಅಧಿಸೂಚಿಸಲಾದ ಶಿಲ್ಪ, ವರ್ಣಚಿತ್ರ, ಸಚಿತ್ರ ಹಸ್ತಪ್ರತಿ ಮುಂತಾದ ವರ್ಗಗಳಲ್ಲಿ ಊಟದ ಚಮಚಗಳು ಸೇರಿಲ್ಲ. ಆದುದರಿಂದ ಮನೆಯಲ್ಲಿ ಇಟ್ಟುಕೊಳ್ಳಲು ಅರ್ಜಿಯ ಅವಶ್ಯಕತೆಯಿಲ್ಲ. ಆದರೆ ನೂರು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಹಳೆಯದಾದ ಕುಶಲಕಲೆಯ ವಸ್ತುವು ಪುರಾತನ ವಸ್ತುವೆಂದು ಪರಿಗಣಿತವಾಗಬಹುದು. ಅಂತಹುದನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ದಂಡ ವಿಧಿಸಲು ಅವಕಾಶವಿದೆ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜಿಯ ಚಮಚದ ಪೆಟ್ಟಿಗೆಯನ್ನು ಕಳುಹಿಸಲಿಚ್ಛಿಸುವವರು, ವಸ್ತುವಿನ ವಯಸ್ಸಿನ ಬಗ್ಗೆ ಸಂದೇಹವಿದ್ದಲ್ಲಿ, ಮುದ್ರೆಯ ಸ್ಪಷ್ಟ ಛಾಯಾಚಿತ್ರಗಳೊಂದಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಅರ್ಜಿ ಸಲ್ಲಿಸಿ, ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಪ್ರಯಾಣಕ್ಕೆ ಸಾಕಷ್ಟು ಮುಂಚಿತವಾಗಿ ಪಡೆಯತಕ್ಕದ್ದು.