ಕೋಣಾರ್ಕ ನೃತ್ಯೋತ್ಸವ: ಐದು ಸಂಜೆಗಳ ಹಿಂದಿನ ಕಸುಬುಗಳು

ಪ್ರವಾಸೋದ್ಯಮದ ಲಾಭವೆಲ್ಲ ಹೋಟೆಲು ಹಾಗೂ ವಾಹನಗಳ ಮಾಲೀಕರಿಗೇ ಸೇರುತ್ತದೆಂಬ ಭಾವನೆ ವರ್ತಕ ವಲಯದಲ್ಲಿ ಸಾಮಾನ್ಯವಾಗಿದೆ. ಒಡಿಶಾದ ಕೋಣಾರ್ಕ ನೃತ್ಯೋತ್ಸವವನ್ನು ಪರಿಶೀಲಿಸಿದಲ್ಲಿ ಈ ಭಾವನೆ ಪೂರ್ಣ ಸತ್ಯವಲ್ಲವೆಂದು ಮನವರಿಕೆಯಾಗುತ್ತದೆ.

ಕೋಣಾರ್ಕದ ಸೂರ್ಯ ದೇವಾಲಯವನ್ನು 13ನೆಯ ಶತಮಾನದಲ್ಲಿ ಗಂಗ ದೊರೆ ಒಂದನೆಯ ನರಸಿಂಹದೇವನು ಕಟ್ಟಿಸಿದನು. 1984ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿಯ ನಾಟ್ಯಮಂದಿರದ ಗೋಡೆಗಳ ತುಂಬ ನರ್ತಕಿಯರ ಹಾಗೂ ವಾದ್ಯಗಾರರ ಶಿಲ್ಪಗಳಿವೆ. 1989ರಲ್ಲಿ ಆರಂಭವಾದ ನೃತ್ಯೋತ್ಸವವು ಡಿಸೆಂಬರ್ 1ರಿಂದ 5ರವರೆಗೆ ಬಯಲು ರಂಗಮಂದಿರದಲ್ಲಿ ನಡೆಯುತ್ತದೆ. ದೇವಾಲಯವು ರಂಗದ ಹಿನ್ನೆಲೆಯಾಗಿರುತ್ತದೆಯೇ ಹೊರತು ಸ್ಮಾರಕದ ಮೇಲೆ ಜನಸಂದಣಿಯ ಭಾರ ಬೀಳುವುದಿಲ್ಲ. ಒಡಿಸ್ಸಿಯೊಂದಿಗೆ ಭರತನಾಟ್ಯ, ಕಥಕ್, ಮಣಿಪುರಿ ಮುಂತಾದ ಪ್ರಕಾರಗಳಿಗೂ ಇಲ್ಲಿ ಸ್ಥಾನವಿದೆ. ಅದೇ ದಿನಗಳಲ್ಲಿ ಸಮೀಪದ ಚಂದ್ರಭಾಗಾ ಕಡಲತೀರದಲ್ಲಿ ಮರಳುಶಿಲ್ಪ ಉತ್ಸವವೂ ಜರುಗುತ್ತದೆ.

ವೇಷಭೂಷಣದ ಹಿಂದೆ

ಒಡಿಸ್ಸಿ ಕಲಾವಿದೆಯೊಬ್ಬಳು ರಂಗಕ್ಕೆ ಬರಬೇಕಾದರೆ ಹಲವು ಕಸುಬುದಾರರ ಕೆಲಸ ಮುಗಿದಿರಬೇಕು. ಉಡುಪಿಗೆ ಸಂಬಲ್‌ಪುರಿ ಅಥವಾ ಬೊಮ್ಕಾಯಿ ರೇಷ್ಮೆ ಬೇಕು. ಬೆಳ್ಳಿಯ ಆಭರಣಗಳಿಗೆ ಕಟಕ್ ನಗರದ ತಾರಕಸಿ ಕೆಲಸ ಹೆಸರುವಾಸಿಯಾಗಿದೆ. ಇಲ್ಲಿ ಬೆಳ್ಳಿಯನ್ನು ಕೂದಲೆಳೆಯಂತೆ ಎಳೆದು, ಸುತ್ತಿ, ಬೆಸೆಯುತ್ತಾರೆ. ತಲೆಯ ಮೇಲಿನ ‘ತಾಹಿಯಾ’ ಎಂಬ ಮುಕುಟವನ್ನು ನಮ್ಮಲ್ಲಿ ಬಾಸಿಂಗಕ್ಕೆ ಬಳಸುವಂತಹ ಹಗುರವಾದ ಬೆಂಡಿನಿಂದ ಪುರಿಯ ಕುಶಲಕರ್ಮಿಗಳು ತಯಾರಿಸುತ್ತಾರೆ. ಭುವನೇಶ್ವರದಿಂದ ಕೋಣಾರ್ಕಕ್ಕೆ ಹೋಗುವ ದಾರಿಯಲ್ಲಿರುವ ಪಿಪಿಲಿಯಲ್ಲಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಛತ್ರಿ, ತೋರಣಗಳ ಅಂಗಡಿಗಳ ಸಾಲೇ ಇದೆ. ಪಿಪಿಲಿಯ ಈ ಕೆಲಸ, ಕೋಣಾರ್ಕದ ಕಲ್ಲಿನ ಕೆತ್ತನೆ ಹಾಗೂ 2024ರಲ್ಲಿ ಕಟಕ್‌ನ ತಾರಕಸಿ ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆದಿವೆ.

ನಿಗದಿತ ದಿನಾಂಕದ ಬೆಲೆ

ಈ ವಸ್ತುಗಳಾವುವೂ ದಿಢೀರನೆ ತಯಾರಾಗುವಂತಹವಲ್ಲ. ಸಂಬಲ್‌ಪುರಿ ಸೀರೆಗೆ ನೇಯ್ಗೆಗೆ ಮುನ್ನವೇ ನೂಲನ್ನು ಕಟ್ಟಿ ಬಣ್ಣ ಹಾಕಬೇಕು. ತಾರಕಸಿಯಲ್ಲಿ ಕಚ್ಚಾ ಮಾಲಿಗಾಗಿ ಬೆಳ್ಳಿಯ ಮೇಲೆ ಮೊದಲೇ ಹಣ ಹೂಡಬೇಕು. ಡಿಸೆಂಬರ್ ಮೊದಲ ವಾರದಲ್ಲಿ ಗಿರಾಕಿ ಬರುವುದು ಖಚಿತವಾಗಿದ್ದರೆ ಮಾತ್ರ ಸಣ್ಣ ತಯಾರಕನು ಸಾಲ ಮಾಡಿ ದಾಸ್ತಾನು ಸಿದ್ಧಪಡಿಸಲು ಧೈರ್ಯ ಮಾಡುತ್ತಾನೆ. ಆದರೂ ಐದು ದಿನಗಳ ಉತ್ಸವವೊಂದೇ ಕಸುಬನ್ನು ಸಾಕಲಾರದು. ವರ್ಷವಿಡೀ ಬೇಡಿಕೆ ಸಲ್ಲಿಸುವ ನೃತ್ಯಶಾಲೆಗಳೇ ಅದರ ಆಧಾರ. ಉತ್ಸವವು ಹೊಸ ಗಿರಾಕಿಗಳ ಪರಿಚಯವನ್ನು ಮಾಡಿಕೊಡುತ್ತದೆ.

ನಮಗೆ ಪಾಠ

ಒಡಿಸ್ಸಿಗೆ ಕರ್ನಾಟಕದಲ್ಲಿಯೂ ನೆಲೆಯಿದೆ. ಪ್ರೋತಿಮಾ ಬೇಡಿಯವರು ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿ 1990ರಲ್ಲಿ ಸ್ಥಾಪಿಸಿದ ನೃತ್ಯಗ್ರಾಮವು ದೇಶವಿದೇಶಗಳಲ್ಲಿ ಹೆಸರು ಮಾಡಿದೆ. ನಮ್ಮ ರಾಜ್ಯದಲ್ಲಿ ಹಂಪಿ, ಪಟ್ಟದಕಲ್ಲುಗಳಂತಹ ವಿಶ್ವ ಪರಂಪರೆಯ ತಾಣಗಳಿವೆ; ಇಳಕಲ್ ಸೀರೆ, ಬಿದರಿ, ಲಂಬಾಣಿ ಕಸೂತಿಗಳಂತಹ ಮಾನ್ಯತೆ ಪಡೆದ ಕಸುಬುಗಳೂ ಇವೆ. ಕೊರತೆಯಿರುವುದು ದಿನಾಂಕದ್ದು. ಹಂಪಿ ಉತ್ಸವವು 2023ರಲ್ಲಿ ಜನವರಿ ಕೊನೆಯಲ್ಲಿ, 2024ರಲ್ಲಿ ಫೆಬ್ರವರಿ ಆರಂಭದಲ್ಲಿ, 2025ರಲ್ಲಿ ಫೆಬ್ರವರಿ ಕೊನೆಯಲ್ಲಿ ಆರಂಭವಾಯಿತು. ಹೀಗೆ ದಿನಗಳು ಸರಿಯುತ್ತಿದ್ದರೆ ಇಳಕಲ್ಲಿನ ನೇಕಾರನು ಯಾವ ತಿಂಗಳಿಗೆಂದು ಮಗ್ಗ ಹೂಡಬೇಕು? ಪ್ರವಾಸ ಸಂಸ್ಥೆಯು ಯಾವ ವಾರಕ್ಕೆಂದು ಕೊಠಡಿಗಳನ್ನು ಕಾಯ್ದಿರಿಸಬೇಕು?

ಉತ್ಸವಕ್ಕೆ ಹೆಚ್ಚಿನ ಅನುದಾನವನ್ನು ಕೋರುವುದಕ್ಕಿಂತ, ಒಂದು ವರ್ಷ ಮುಂಚಿತವಾಗಿ ದಿನಾಂಕವನ್ನು ಘೋಷಿಸುವಂತೆ ಸರ್ಕಾರವನ್ನು ಒತ್ತಾಯಿಸುವುದೇ ವರ್ತಕರಿಗೆ ಹೆಚ್ಚು ಉಪಯುಕ್ತ. ಇದಕ್ಕೆ ಬೊಕ್ಕಸದಿಂದ ಒಂದು ರೂಪಾಯಿಯೂ ವೆಚ್ಚವಾಗದು. ಸದಸ್ಯರು ಈ ಬಗ್ಗೆ ಗಂಭೀರವಾಗಿ ಚಿಂತಿಸುವುದು ಸೂಕ್ತ.